ಎಂಜಲು ಮಲ್ಲಿಗೆ

ಹೂ ಕಟ್ಟುವಾಗ ಗ್ಲೋರಿಯಾ ಬಾಯಿ ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಅಮ್ಮಣ್ಣಿ ಹಲ್ಲಲ್ಲಿ ಕಚ್ಚಿಕೊಳ್ಳುತ್ತಾಳೆ. ಶಂಕರಪುರದಲ್ಲಿ ಒಂದೇ ಬೇಲಿಯ ಆಚೆ ಈಚೆ ಮನೆ ಮಾಡಿಕೊಂಡ ಈ ಇಬ್ಬರ ನಡುವೆ ಮೂವತ್ತು ವರ್ಷಗಳಿಂದ ನಡೆದು ಬಂದ ತಕರಾರು ಇದೊಂದೇ.

"ನಿನ್ನ ಹೂ ಮುಡಿದವರೆಲ್ಲ ನಿನ್ನ ಎಂಜಲು ಮುಡಿದ ಹಾಗೆ ಮಾರಾಯ್ತಿ," ಎಂದು ಗ್ಲೋರಿಯಾ ಕೆಣಕುವುದು. ನಿನ್ನ ಹೂ ಮುಡಿದವರು ನಿನ್ನ ಕಾಲಧೂಳು ಹೊತ್ತ ಹಾಗೆ ಎಂದು ಅಮ್ಮಣ್ಣಿ ತಿರುಗಿಸಿ ಕೊಡುವುದು. ದೇವಸ್ಥಾನಕ್ಕೆ ಎಂದು ಯಾರಾದರೂ ಹೇಳಿ ಕಟ್ಟಿಸಿದರೆ ಅಮ್ಮಣ್ಣಿ ನಾರನ್ನು ಬಾಯಿಗೆ ತಾಗಿಸುತ್ತಿರಲಿಲ್ಲ. ಆಗ ಅವಳ ಕೈ ಕುಂಟುತ್ತಿತ್ತು. ಒಂದು ಚೆಂಡಿಗೆ ಎರಡು ಚೆಂಡಿನ ಹೊತ್ತು ಹಿಡಿಯುತ್ತಿತ್ತು. ಎಂಟುನೂರು ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಕು ಹರಿಯುವಾಗ ಕೊಯ್ದ ಮೊಗ್ಗು ಹತ್ತು ಗಂಟೆಯೊಳಗೆ ಕಟ್ಟಾಗಿ ಮಾರಾಟಕ್ಕೆ ಹೂವಿನ ಕಟ್ಟೆಗೆ ಹೋಗಬೇಕು. ಹಲ್ಲು ಇಲ್ಲದಿದ್ದರೆ ಅವಳಿಗೆ ಅಷ್ಟು ಬೇಗ ಆಗುವ ಕೆಲಸ ಅಲ್ಲ ಅದು. ಅವಳ ತಾಯಿಯೂ ಹಾಗೇ ಕಟ್ಟುತ್ತಿದ್ದಳು.

ಕಳೆದ ದೀಪಾವಳಿಯ ಹೊತ್ತಿಗೆ ಅಮ್ಮಣ್ಣಿಯ ಕುತ್ತಿಗೆಯಲ್ಲಿ ಗಡ್ಡೆ ಕಂಡಿತು. ಮಣಿಪಾಲದ ಆಸ್ಪತ್ರೆಯಲ್ಲಿ ಅದು ಕ್ಯಾನ್ಸರ್ ಎಂದರು, ಥೈರಾಯ್ಡ್ ಗ್ರಂಥಿಯನ್ನೇ ಪೂರಾ ತೆಗೆದರು. ಗಾಯ ಮಾಗಿತು. ಆಮೇಲೆ, ಕಣ್ಣಿಗೆ ಕಾಣದೆ ಉಳಿದ ಚೂರುಪಾರನ್ನು ಸುಡಲಿಕ್ಕೆ ವಿಕಿರಣ ಇರುವ ಅಯೋಡಿನಿನ ಗುಳಿಗೆ ನುಂಗಬೇಕು ಎಂದರು. ಒಂದೇ ಗುಳಿಗೆ. ಅದನ್ನು ನುಂಗಿದ ಮೇಲೆ ಮೈಯಿಂದಲೇ ಕಿರಣ ಹೊರಡುತ್ತದೆ, ಮೂರು ವಾರ ಬಸುರಿಯರ, ಚಿಕ್ಕ ಮಕ್ಕಳ ಹತ್ತಿರ ಹೋಗಬಾರದು ಎಂದು ಡಾಕ್ಟರರು ವಿವರಿಸಿದರು.

ಅಮ್ಮಣ್ಣಿಯ ಒಬ್ಬಳೇ ಮಗಳು ಶರ್ಮಿಳಾ ಕಾರ್ಕಳದ ಗಂಡನ ಮನೆಯಲ್ಲಿ ಬಸುರಿಯಾಗಿದ್ದಳು. ಬಸುರಿಗೆ ಹೂ ಮುಡಿಸಿ, ಆಸೆಪಟ್ಟದ್ದನ್ನು ಬಡಿಸುವ ಬಯಕೆಯ ಶಾಸ್ತ್ರಕ್ಕೆ ಏಳನೇ ತಿಂಗಳಲ್ಲಿ ಜೋಯಿಸರು ಕೊಟ್ಟದ್ದು ಒಂದೇ ಆದಿತ್ಯವಾರ. ಆಸ್ಪತ್ರೆಯವರು ಗುಳಿಗೆಗೆ ಕೊಟ್ಟದ್ದು ಅದಕ್ಕೆ ಐದು ದಿನ ಮೊದಲಿನ ಮಂಗಳವಾರ. ಸ್ವಲ್ಪ ಮುಂದೆ ಹಾಕಲಿಕ್ಕೆ ಆಗುತ್ತದಾ ಎಂದು ಅಮ್ಮಣ್ಣಿ ಕೇಳಿದಳು. ಆಗುತ್ತದೆ, ಮುಂದಿನ ಸರದಿ ಸಿಗುವುದು ಮೇ ತಿಂಗಳಲ್ಲಿ ಎಂದರು ಡಾಕ್ಟರರು. ಮೇ ತಿಂಗಳಲ್ಲಿ ಹೆರಿಗೆ. ಆಗ ಗುಳಿಗೆ ನುಂಗಿದರೆ ಹುಟ್ಟಿದ ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ, ಬಾಣಂತಿ ಇರುವ ಮನೆಯಲ್ಲಿ ಇರುವ ಹಾಗೂ ಇಲ್ಲ.

ಮಣಿಪಾಲದ ಬಸ್ಸು ಇಳಿದು ಕಟಪಾಡಿಯಲ್ಲಿ ರಿಕ್ಷಾಕ್ಕೆ ಕಾಯುವಾಗ ಅವಳು ಗಂಡ ಚೆನ್ನಪ್ಪನಿಗೆ ಹೇಳಿದಳು:

"ನಾನು ಮಗುವನ್ನು ಎತ್ತಿಕೊಳ್ಳುತ್ತೇನೆ. ಬಯಕೆಗೆ ನೀವು ಹೋಗಿ."

ಹೇಳಿದಷ್ಟು ಸುಲಭ ಇರಲಿಲ್ಲ. ಶರ್ಮಿಳಾ ಶಾಲೆಗೆ ಹೋಗುವ ಕಾಲದಲ್ಲಿ ಅಮ್ಮಣ್ಣಿ ಒಳ್ಳೆಯ ಮೊಗ್ಗನ್ನೆಲ್ಲ ಕಟ್ಟೆಗೆ ಕಳುಹಿಸುತ್ತಿದ್ದಳು. ಅರಳಿಹೋದದ್ದು, ಹುಳು ಕಡಿದು ಕೆಂಪಾದದ್ದು ಮಗಳ ಜಡೆಗೆ. ಹೂವಿನ ಊರಿನವಳಾಗಿ ಬಾಡಿದ ಹೂ ಮುಡಿದು ಬರುತ್ತೀಯಾ ಎಂದು ಕ್ಲಾಸಿನಲ್ಲಿ ನಗುತ್ತಾರೆ ಎಂದು ಹುಡುಗಿ ಒಮ್ಮೆ ಅತ್ತಿದ್ದಳು. ನಿನ್ನ ಬಯಕೆಗೆ ಒಂದು ಅಟ್ಟೆ, ಗಿಡದಿಂದ ಕೊಯ್ದ ಮೊದಲ ಮೊಗ್ಗಿನದ್ದೇ, ನಾನೇ ಕಟ್ಟಿ ನಾನೇ ಮುಡಿಸುತ್ತೇನೆ ಎಂದು ಅಮ್ಮಣ್ಣಿ ಅವತ್ತು ಮಾತು ಕೊಟ್ಟಿದ್ದಳು. ಮದುವೆಯಲ್ಲಿ ಎಲ್ಲ ಬ್ಯೂಟಿ ಪಾರ್ಲರಿನವರ ಕೈಗೆ ಹೋಯಿತು. ಮಂಟಪಕ್ಕೆ ಬಂದ ಮಗಳ ತಲೆಯನ್ನು ಅಮ್ಮಣ್ಣಿ ಉಳಿದವರ ಹಾಗೆ ದೂರದಿಂದ ನೋಡಿದಳು. ಬಯಕೆ ಒಂದು ಬಾಕಿ ಇತ್ತು.

ಗುಳಿಗೆಗೆ ಎರಡು ವಾರ ಮೊದಲೇ ಪಥ್ಯ ಶುರುವಾಯಿತು. ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಇಲ್ಲ, ಪ್ಯಾಕೆಟ್ಟಿನ ಉಪ್ಪೂ ಇಲ್ಲ. ಮೈಯನ್ನು ಅಯೋಡಿನಿಗೆ ಹಸಿದಿರುವ ಹಾಗೆ ಮಾಡಿದರೆ ಮದ್ದನ್ನು ಅದು ಚೆನ್ನಾಗಿ ಹಿಡಿಯುತ್ತದಂತೆ. ಚೆನ್ನಪ್ಪ ಕಾಪುವಿನ ಕಡಲ ಬದಿಯವನು, ಬೋಟಿಗೆ ಹೋಗುವುದು ಬಿಟ್ಟ ಮೇಲೆ ಅಲ್ಲೇ ಬಲೆ ಸರಿ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಮೀನಿಲ್ಲದ ಊಟ ಅವನಿಗೆ ಊಟವೇ ಅಲ್ಲ. ಅವನೂ ಆ ಎರಡು ವಾರ ಮನೆಗೆ ಮೀನು ತರಲಿಲ್ಲ. ಹೊರಗೆ ತಿಂದು ಬರುತ್ತಾರೆ ಎಂದು ಅಮ್ಮಣ್ಣಿಗೆ ಅನುಮಾನ. ಒಂದು ದಿನ ಅಂಗಿಯನ್ನು ಮೂಸಿಯೂ ನೋಡಿದಳು; ಬಲೆಯ ವಾಸನೆ ಮಾತ್ರ ಇತ್ತು.

ಮಂಗಳವಾರ ಗುಳಿಗೆ ಕೊಟ್ಟದ್ದು ರೇಚಲ್ ಎಂಬ ನರ್ಸು. ದಪ್ಪ ಸೀಸದ ಕುಪ್ಪಿಯಿಂದ ಅದನ್ನು ಚಿಮುಟದಲ್ಲಿ ತೆಗೆದು, ನುಂಗಿದ್ದು ಖಾತ್ರಿಯಾದ ಕೂಡಲೇ ಬಾಗಿಲ ಹೊರಗೆ ಹೋಗಿ ನಿಂತಳು. ಆಮೇಲಿನ ಮೂರು ದಿನ ಮಾತೆಲ್ಲ ಬಾಗಿಲಿನಿಂದಲೇ ಅಥವಾ ಗೋಡೆಯ ಫೋನಿನಲ್ಲಿ. ನೀರು ಕುಡಿಯುತ್ತಾ ಇರಬೇಕು. ಶೌಚಕ್ಕೆ ಹೋದರೆ ಎರಡು ಸಲ ನೀರು ಬಿಡಬೇಕು. ಕೈಯನ್ನು ಸೋಪು ಹಾಕಿ ತೊಳೆಯುತ್ತಾ ಇರಬೇಕು, ಬೆವರಿನಲ್ಲೂ ಸ್ವಲ್ಪ ಬರುತ್ತದೆ. ಮನೆಗೆ ಹೋದ ಮೇಲೆ ತಟ್ಟೆ, ಲೋಟ, ಟವೆಲು, ಹಾಸಿಗೆ ಬೇರೆ; ಬಟ್ಟೆ ಬೇರೆಯೇ ಒಗೆಯಬೇಕು; ಬೇರೆಯವರಿಗೆ ಅಡುಗೆ ಮಾಡಬಾರದು. ಎರಡನೆಯ ದಿನ ರೇಚಲ್ ಹುಳಿ ಪೆಪ್ಪರಮಿಂಟಿನ ಪೊಟ್ಟಣವನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಇದನ್ನು ಚೀಪುತ್ತಾ ಇರಿ, ಮದ್ದು ಜೊಲ್ಲಿನಲ್ಲಿ ಬಂದು ಸೇರುತ್ತದೆ, ಅದು ನಿಲ್ಲದೆ ಹರಿದು ಹೋಗುತ್ತಿರಬೇಕು ಎಂದಳು.

"ಹಾಗಾದರೆ ನನ್ನ ಎಂಜಲು ವಿಷವಾ ಸಿಸ್ಟರ್?"

"ವಿಷ ಎಂತಕ್ಕೆ ಅಮ್ಮ, ಮದ್ದೇ ಅಲ್ವಾ," ಎಂದು ರೇಚಲ್ ನಕ್ಕಳು. "ನಿಮಗೆ ಬೇಕಾದ ಮದ್ದು. ಬೇರೆಯವರಿಗೆ ಬೇಡದ್ದು."

ಶುಕ್ರವಾರ ಕಿರಣ ಅಳೆಯುವ ಒಂದು ಯಂತ್ರವನ್ನು ಅವಳ ಎದುರು ಹಿಡಿದು ನೋಡಿ ಮನೆಗೆ ಬಿಟ್ಟರು. ಎಷ್ಟು ದೂರ ಇರಬೇಕು ಎಂದು ಚೆನ್ನಪ್ಪ ಕೇಳಿದ್ದಕ್ಕೆ ರೇಚಲ್ ಎರಡು ಮೀಟರ್ ಎಂದಿದ್ದಳು. ಅವನಿಗೆ ಬಲೆಯ ಹಗ್ಗ ಅಳೆದು ಗೊತ್ತು. ಎರಡೂ ಕೈ ಚಾಚಿ ತೋರಿಸಿ, ಒಂದು ಮಾರು, ಮೇಲೆ ಒಂದು ಗೇಣು ಎಂದ. ಮನೆಗೆ ಬಂದ ಮೇಲೆ ಅಮ್ಮಣ್ಣಿ ಒಳಕೋಣೆಯಲ್ಲಿ ಮಲಗಿದಳು, ಅವನು ಜಗಲಿಯಲ್ಲಿ. ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಒಂದು ಮಾರು ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂರುವನು. ಮೂವತ್ತೆರಡು ವರ್ಷ ಸಂಸಾರ ಮಾಡಿದ್ದರಲ್ಲಿ ಅವಳು ಉಣ್ಣುವುದನ್ನು ಅವನು ಹೀಗೆ ಎದುರು ಕೂತು ನೋಡಿದ್ದು ಇದೇ ಮೊದಲು. ನೋಡಬೇಡಿ, ಗಂಜಿ ಇಳಿಯುವುದಿಲ್ಲ ಎಂದು ಅವಳು ಹೇಳಿದರೂ ಅವನು ಏಳಲಿಲ್ಲ.

ಆದಿತ್ಯವಾರ ಅಮ್ಮಣ್ಣಿ ಕತ್ತಲಿರುವಾಗಲೇ ಎದ್ದಳು. ಹೋಗಬಾರದು ಎಂದದ್ದು ನನಗೆ, ಹೂವಿಗೆ ಅಲ್ಲವಲ್ಲ ಎಂದು ಅವಳು ಆಸ್ಪತ್ರೆಯ ಮಂಚದಲ್ಲೇ ಲೆಕ್ಕ ಹಾಕಿದ್ದಳು. ಬೆವರಿನ ಮಾತು ಮರೆತಿರಲಿಲ್ಲ. ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದಳು. ಪೇಟೆಯಿಂದ ತರಿಸಿದ ರಬ್ಬರಿನ ಕೈಗವಸು ಹಾಕಿಕೊಂಡು ಮೊಗ್ಗು ಕೊಯ್ದಳು. ಗವಸಿನಲ್ಲಿ ಗಂಟು ಬೀಳದ್ದರಿಂದ ಕಟ್ಟುವ ಮೊದಲು ಅದನ್ನು ತೆಗೆದು ಮತ್ತೊಮ್ಮೆ ಕೈ ತೊಳೆದಳು. ನಾರನ್ನು ಹೊಸ ನೀರಿನಲ್ಲಿ ನೆನೆಸಿದಳು. ಆಮೇಲೆ ಹಿಂದಿನ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು ಕಟ್ಟತೊಡಗಿದಳು.

ಕೈಗೆ ವೇಗ ಬಂದ ಮೇಲೆ ಅವಳು ಕೂತದ್ದು ಶಂಕರಪುರದಲ್ಲಿ ಅಲ್ಲ, ಕಾರ್ಕಳದಲ್ಲಿ. ಮಗಳು ಎದುರು ಬೆನ್ನು ಹಾಕಿ ಕೂತಿದ್ದಾಳೆ. ದಪ್ಪ ಕೂದಲು, ಬಸುರಿನಲ್ಲಿ ಇನ್ನೂ ದಪ್ಪವಾಗಿದೆ. ಮೊದಲು ಒಂದು ಸಾಲು ಕೇಸರಿ ಬಣ್ಣದ ಅಬ್ಬಲಿಗೆ ಹೂ, ಅದರ ಕೆಳಗೆ ಮಲ್ಲಿಗೆ, ಸುತ್ತು ಸುತ್ತಾಗಿ, ಕೂದಲೇ ಕಾಣದ ಹಾಗೆ. ಭಾರವಾಯಿತು ಅಮ್ಮ ಎನ್ನುತ್ತಾಳೆ ಮಗಳು. ಆಗಲಿ, ಒಂದು ದಿನ ಅಲ್ವಾ. ಹೀಗೆ ಒಳಗೊಳಗೇ ಮಾತಾಡುತ್ತಾ ಎಂಟೂವರೆಗೆ ನಾಲ್ಕನೆಯ ಚೆಂಡಿನ ಕೊನೆಯ ಗಂಟು ಹಾಕಿದಳು. ಇಷ್ಟು ಒತ್ತಾದ ಕಟ್ಟು ಅವಳ ಕೈಯಿಂದ ಬಂದು ವರ್ಷಗಳಾಗಿದ್ದವು. ಬಾಳೆಲೆಯಲ್ಲಿ ಸುತ್ತಿ ಹೊಸ್ತಿಲಲ್ಲಿಟ್ಟು ಹಿಂದೆ ಸರಿದಳು.

ಚೆನ್ನಪ್ಪ ಬಿಳಿ ಪಂಚೆ ಉಟ್ಟು ತಯಾರಾಗಿದ್ದ. ನೆಂಟರು, ಜೊತೆಗೆ ಗ್ಲೋರಿಯಾ, ಎಲ್ಲ ಸೇರಿ ಹತ್ತು ಜನ ವ್ಯಾನಿನಲ್ಲಿದ್ದರು. ಗ್ಲೋರಿಯಾ ವ್ಯಾನಿನ ಕಿಟಕಿಯಿಂದ ಕೂಗಿ, ನಿನ್ನ ಪಾಲಿನ ಪಾಯಸವನ್ನೂ ನಾನೇ ಕುಡಿದು ಬರುತ್ತೇನೆ ಎಂದಳು. ವ್ಯಾನು ಶಿರ್ವದ ಕಡೆಗೆ ತಿರುಗಿ ಮರೆಯಾದ ಮೇಲೂ ಅಮ್ಮಣ್ಣಿ ಅಂಗಳದಲ್ಲೇ ಇದ್ದಳು. ಬೆಳ್ಮಣ್ಣು ದಾಟಿ ಕಾರ್ಕಳ ಸೇರಲಿಕ್ಕೆ ಒಂದು ಗಂಟೆ ಸಾಕು. ಹತ್ತಕ್ಕೆ ಹೂ ಮಗಳ ಕೈ ಸೇರುತ್ತದೆ. ಹತ್ತೂವರೆಗೆ ತಲೆಗೆ.

ಹತ್ತು ಗಂಟೆಯ ಹೊತ್ತಿಗೆ ಅವಳು ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ಹಿಂದಿನ ಜಗಲಿ ಗುಡಿಸಿದಳು. ಮುರಿದ ತೊಟ್ಟು, ಎಲೆ, ನಾರಿನ ತುಂಡುಗಳು. ಹುಳಿಗೆ ದವಡೆಯ ಮೂಲೆಯಿಂದ ನೀರು ಒಸರಿತು. ನಿಲ್ಲದೆ ಹರಿದು ಹೋಗುತ್ತಿರಬೇಕು ಎಂದಿದ್ದಳು ಸಿಸ್ಟರ್. ಪೊರಕೆಯ ತುದಿಗೆ ಸಿಕ್ಕಿದ ಒಂದು ನಾರನ್ನು ಬಿಡಿಸಲು ಕೈಗೆ ತೆಗೆದುಕೊಂಡಳು. ಅದರ ತುದಿ ಚಪ್ಪಟೆಯಾಗಿತ್ತು, ಎರಡು ಹಲ್ಲಿನ ಗುರುತು ಇತ್ತು. ಇನ್ನೊಂದನ್ನು ಎತ್ತಿದಳು. ಅದರಲ್ಲೂ ಇತ್ತು. ನಾಲ್ಕೂ ಚೆಂಡನ್ನು ಅವಳು ಹಲ್ಲಲ್ಲಿ ಕಚ್ಚಿಯೇ ಕಟ್ಟಿದ್ದಳು. ಕೈ ತೊಳೆದದ್ದು ನೆನಪಿತ್ತು, ಕಚ್ಚಿದ್ದು ನೆನಪಿರಲಿಲ್ಲ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ.

ಅವಳು ಜಗಲಿಯಲ್ಲಿ ಕೂತುಬಿಟ್ಟಳು. ಅಗಿದು ಅಗಿದು ಬಾಯಿಂದ ಬಾಯಿಗೆ ತುತ್ತು ಕೊಟ್ಟು ಬೆಳೆಸಿದ ಮಗಳು. ಆ ಎಂಜಲಿಗೆ ಎಂತ ದೋಷ ಎಂದು ಮನಸ್ಸು ಒಂದು ಕಡೆಯಿಂದ ಹೇಳಿತು. ನಾರಿನ ಬದಿಯ ತೇವ, ಇಷ್ಟು ಹೊತ್ತಿಗೆ ಒಣಗಿರುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಸಂಜೆಗೆ ಹೂ ಬಾಡುತ್ತದೆ. ಹೇಳಿದರೆ? ಬಯಕೆಯ ದಿನ ತವರಿನ ಹೂವನ್ನು ಬದಿಗೆ ಇಡುವುದು ಎಂದರೆ ಅಳಿಯನ ಮನೆಯವರು ಎಂತ ತಿಳಿದಾರು. ಅದಕ್ಕಿಂತ ಹೆಚ್ಚಾಗಿ, ಆ ಹೂ ಮಗಳ ತಲೆಯಲ್ಲಿ ಇರಬೇಕಿತ್ತು. ಅಷ್ಟೇ ಅವಳಿಗೆ ಬೇಕಾದದ್ದು.

ಆಸ್ಪತ್ರೆಯ ಕಾಗದದ ಕೆಳಗೆ ಬರೆದ ನಂಬರಿಗೆ ಫೋನ್ ಮಾಡಿದಳು. ಆದಿತ್ಯವಾರವಾದರೂ ರೇಚಲ್ ಡ್ಯೂಟಿಯಲ್ಲಿದ್ದಳು. ಅಮ್ಮಣ್ಣಿ ಹಲ್ಲು, ನಾರು, ಬಯಕೆ ಎಂದು ಹಿಂದುಮುಂದಾಗಿ ಹೇಳಿದ್ದನ್ನು ಪೂರ್ತಿ ಕೇಳಿ, ಹೆದರುವಷ್ಟು ಏನೂ ಇರಲಿಕ್ಕಿಲ್ಲ ಎಂದಳು. ಅಮ್ಮಣ್ಣಿಯ ಜೀವ ಅಷ್ಟಕ್ಕೇ ಹಗುರವಾಗಿ, ಹಾಗಾದರೆ ಮುಡಿಯಬಹುದಾ ಎಂದು ಕೇಳಿದಳು.

"ಬೇಡ ಅಮ್ಮ," ಎಂದಳು ರೇಚಲ್. "ಹೊಟ್ಟೆಯಲ್ಲಿರುವ ಮಗುವಿನ ಕುತ್ತಿಗೆಯಲ್ಲೂ ಆ ಗ್ರಂಥಿ ಉಂಟು. ಅಯೋಡಿನ್ ಸಿಕ್ಕಿದರೆ ಅದು ಹಿಡಿದಿಟ್ಟುಕೊಳ್ಳುತ್ತದೆ, ಯಾವ ಅಯೋಡಿನ್ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸ್ವಲ್ಪವೇ ಆದರೂ ಎಂತಕ್ಕೆ?"

ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೂರ ಇಡಲಿ, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ, ತಾಗಿದ ಸೀರೆ ಬದಲಿಸಲಿ, ಡಾಕ್ಟರರಿಗೆ ತಾನೇ ತಿಳಿಸುತ್ತೇನೆ ಎಂದಳು. ಹೂ ಕಟ್ಟುವವರಿಗೆ ಹೇಳಬೇಕಾದ ಮಾತು ಎಂದು ನನಗೂ ಹೊಳೆಯಲಿಲ್ಲ ನೋಡಿ ಎಂದೂ ಸೇರಿಸಿದಳು.

ಚೆನ್ನಪ್ಪ ಫೋನ್ ಎತ್ತಲಿಲ್ಲ. ಶರ್ಮಿಳಾಳ ಫೋನನ್ನು ಎತ್ತಿದ್ದು ಅವಳ ನಾದಿನಿ ಧೃತಿ. ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ಅತ್ತಿಗೆಗೆ ಅಬ್ಬಲಿಗೆ ಮುಡಿಸಿ ಆಯಿತು, ಇನ್ನು ನಿಮ್ಮ ಮಲ್ಲಿಗೆ, ಬಿಚ್ಚಿದ ಕೂಡಲೇ ಮನೆಯೆಲ್ಲ ಪರಿಮಳ, ಅತ್ತಿಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಯಾರಿಗೂ ಕೊಡುತ್ತಿಲ್ಲ ಎಂದು ಆ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿತು. ಮಡಿಲಲ್ಲಿ ಎಂದದ್ದು ಕೇಳಿದ್ದೇ ಅಮ್ಮಣ್ಣಿ ಅವಳ ಮಾತು ತಡೆದಳು. ಫೋನನ್ನು ಅತ್ತಿಗೆಗೇ ಕೊಡು ಎಂದಳು.

"ಅಮ್ಮ," ಎಂದಳು ಶರ್ಮಿಳಾ. "ಎಂಥ ಕಟ್ಟು ಕಟ್ಟಿದ್ದಿ ನೀನು."

"ಶರ್ಮಿ, ಅದನ್ನು ಮಡಿಲಿಂದ ತೆಗೆ."

ಎಂತಕ್ಕೆ ಅಮ್ಮ ಎಂದಳು ಮಗಳು.

"ನಾರು ಬಾಯಲ್ಲಿ ಕಚ್ಚಿದ್ದೆ. ಮದ್ದು ಜೊಲ್ಲಿನಲ್ಲಿ ಉಂಟಂತೆ. ಮುಡಿಯಬೇಡ. ಸೀರೆ ಬದಲಿಸು, ಕೈ ತೊಳಿ. ಹೆದರುವಂಥದ್ದು ಏನೂ ಇಲ್ಲ, ಸಿಸ್ಟರನ್ನು ಕೇಳಿದ್ದೇನೆ. ನನ್ನಿಂದ ತಪ್ಪಾಯಿತು ಮಗಾ."

ಅಮ್ಮಣ್ಣಿಗೆ ಬಾಳೆಲೆ ಸರಿದ ಸದ್ದು ಕೇಳಿಸಿತು. ಆಮೇಲೆ ಮಗಳು ಸರಿ ಎಂದಳು. ಗ್ಲೋರಿಯಾ ಬಾಯಿಯನ್ನು ಕರೆಯಿರಿ ಎಂದು ಯಾರಿಗೋ ಹೇಳಿದಳು. ಫೋನು ಕಡಿಯಿತು.

ಮಧ್ಯಾಹ್ನ ಅಮ್ಮಣ್ಣಿ ಗಂಜಿ ಮುಟ್ಟಲಿಲ್ಲ. ಆದದ್ದೆಲ್ಲ ಗೊತ್ತಾದದ್ದು ಮೂರೂವರೆಗೆ ವ್ಯಾನು ಬಂದಾಗ. ಗ್ಲೋರಿಯಾ ತನ್ನದೊಂದು ಚೆಂಡನ್ನು ಉಡುಗೊರೆಗೆಂದು ಒಯ್ದಿದ್ದಳು. ಫೋನು ಬಂದ ಮೇಲೆ ಶರ್ಮಿಳಾ ಅವಳನ್ನು ಒಳಕೋಣೆಗೆ ಕರೆದು ಎರಡು ಮಾತು ಹೇಳಿದಳಂತೆ. ಗ್ಲೋರಿಯಾ ಹೊರಗೆ ಬಂದು, ತವರಿನ ಹೂ ಮಡಿಲಿಗೆ, ತಲೆಗೆ ನೆರೆಮನೆಯವಳ ಹೂ, ಅದು ನಮ್ಮ ಕಡೆಯ ಕ್ರಮ ಎಂದು ಅಳಿಯನ ತಾಯಿಯ ಎದುರು ಇಲ್ಲದ ಶಾಸ್ತ್ರವೊಂದನ್ನು ಹುಟ್ಟಿಸಿದಳು. ಬಸುರಿ ಸೆಕೆಗೆ ಸೀರೆ ಬದಲಿಸಿದರೆ ಯಾರು ಕೇಳುತ್ತಾರೆ. ಅಳಿಯ ಧನರಾಜನಿಗೆ ಮಾತ್ರ ನಿಜ ಹೇಳಿದರು. ಅವನು ಅಟ್ಟೆಯನ್ನು ತಾನೇ ಚೀಲದಲ್ಲಿ ಕಟ್ಟಿ ವ್ಯಾನಿನ ಹಿಂದುಗಡೆ ಇಟ್ಟ.

ಗ್ಲೋರಿಯಾ ಬೇಲಿಯ ಬಳಿ ಬಂದು ನಿಂತಳು. ಅಮ್ಮಣ್ಣಿ ಜಗಲಿಯ ಕಂಬದ ಬಳಿ ಇದ್ದಳು.

"ಕಡೆಗೂ ನಿನ್ನ ಮಗಳು ನನ್ನ ಕಾಲಧೂಳೇ ಹೊತ್ತಳು ನೋಡು," ಎಂದಳು ಗ್ಲೋರಿಯಾ.

"ಚಂದ ಕಂಡಳಾ?"

"ಕಂಡಳು. ಒಂದೇ ಚೆಂಡಲ್ವಾ, ಕೂದಲು ಮಧ್ಯೆ ಮಧ್ಯೆ ಕಾಣುತ್ತಿತ್ತು." ಆಮೇಲೆ ಸೇರಿಸಿದಳು: "ನಿನ್ನದು ಆಗಿದ್ದರೆ ಕಾಣುತ್ತಿರಲಿಲ್ಲ."

ಚೆನ್ನಪ್ಪ ಚೀಲವನ್ನು ಹೊಸ್ತಿಲಲ್ಲಿಟ್ಟು ಒಂದು ಮಾರು ಹಿಂದೆ ಹೋದ. ಇದನ್ನು ಎಂತ ಮಾಡುವುದು ಎಂದು ಕೇಳಿದ. ನನ್ನ ಬಟ್ಟೆ ಇಟ್ಟ ಕಡೆಯೇ ಇಟ್ಟು ಆಮೇಲೆ ಹೂವನ್ನು ಹೂಳಿದರೆ ಆಯಿತು, ದನ ತಿನ್ನುವ ಕಡೆ ಎಸೆಯುವುದು ಬೇಡ ಎಂದು ಅವಳು ಹೇಳಿದಳು. ಅವನು ಹೋಗದೆ ನಿಂತಿದ್ದ.

ಅವಳು ಗಂಟು ಬಿಚ್ಚಿದಳು. ಸೆಕೆಗೆ ಬೆಂದು ಕೆಲವು ಮೊಗ್ಗು ಬಾಯಿಬಿಟ್ಟಿದ್ದವು, ಹೆಚ್ಚಿನವು ಹಾಗೇ ಇದ್ದವು. ಈ ಹೂವನ್ನು ಮುಡಿದರೆ ದೋಷವಿಲ್ಲದ ತಲೆ ಊರಿನಲ್ಲಿ ಒಂದೇ ಇತ್ತು. ಆಪರೇಶನ್ ಆದ ಮೇಲೆ ಅವಳು ಹೂ ಮುಡಿದಿರಲಿಲ್ಲ. ಕನ್ನಡಿಯಲ್ಲಿ ಕುತ್ತಿಗೆಯ ಗೆರೆ ಕಾಣುತ್ತದೆ ಎಂದು ಕನ್ನಡಿಯ ಎದುರು ನಿಲ್ಲುವುದನ್ನೇ ಬಿಟ್ಟಿದ್ದಳು. ಈಗ ಕನ್ನಡಿ ಬೇಕಾಗಲಿಲ್ಲ. ಸಣ್ಣದಾದ ತನ್ನ ತುರುಬಿಗೆ ಒಂದು ಸುತ್ತು ಹಾಕಿದಳು, ಇನ್ನೊಂದು ಹಾಕಿದಳು. ಮಗಳ ತಲೆಗೆಂದು ಅಳೆದ ಅಟ್ಟೆ ಮುಗಿಯುವ ಹಾಗಿರಲಿಲ್ಲ. ನಾಲ್ಕನೆಯ ಚೆಂಡಿಗೆ ಕುತ್ತಿಗೆ ಹಿಂದಕ್ಕೆ ಜಗ್ಗಿತು.

ಚೆನ್ನಪ್ಪನ ಫೋನ್ ಬಡಿಯಿತು. ಶರ್ಮಿಳಾ, ವಿಡಿಯೋದಲ್ಲಿ. ಅಮ್ಮನನ್ನು ತೋರಿಸಿ ಎಂದಳು. ಅವನು ಇದ್ದಲ್ಲಿಂದಲೇ ಫೋನನ್ನು ಎತ್ತಿ ಹಿಡಿದ. ಅಮ್ಮಣ್ಣಿಗೆ ಅಷ್ಟು ದೂರದಿಂದ ಮಗಳ ಮುಖ ಒಂದು ಬೆಳಕಿನ ಚೂರಿನ ಹಾಗೆ ಮಾತ್ರ ಕಂಡಿತು, ತಲೆಯ ಮೇಲೆ ಹೂವಿನ ಬಿಳಿ ಇದ್ದದ್ದು ಗೊತ್ತಾಯಿತು. ಸ್ವರ ಮಾತ್ರ ಸ್ಪಷ್ಟ ಕೇಳುತ್ತಿತ್ತು.

"ಅಮ್ಮ, ಮುಡಿದಿದ್ದೀಯಾ?"

ಅಮ್ಮಣ್ಣಿಗೆ ನಾಚಿಕೆಯಾಯಿತು. ಹೂ ವ್ಯರ್ಥವಾಗುತ್ತದೆ ಎಂದು ಮುಡಿದೆ ಎಂದು ಏನೋ ಹೇಳಿದಳು.

"ತಿರುಗು. ನೋಡುತ್ತೇನೆ."

ಅವಳು ಗೋಡೆಯ ಕಡೆ ತಿರುಗಿದಳು. ಇಡೀ ತಲೆ ಕಾಣಬೇಕಾದರೆ ಫೋನು ಅಷ್ಟು ದೂರ ಇದ್ದದ್ದೇ ಸರಿ ಎಂದು ಚೆನ್ನಪ್ಪ ಮೆಲ್ಲಗೆ ಹೇಳಿದ. ಕಾರ್ಕಳದ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಫೋನಿನಲ್ಲಿ ಬರುತ್ತಿತ್ತು. ಸಂಜೆಯ ಗಾಳಿ ಹಿತ್ತಿಲಿನಿಂದ ಬಂದು, ತಲೆಯ ಮೇಲಿನ ಮೊಗ್ಗು ಒಂದೊಂದೇ ಬಿಚ್ಚತೊಡಗಿ, ಅವಳ ಹೂವಿನ ಪರಿಮಳ ಅವಳಿಗೇ ಬಡಿಯಿತು.

"ಆಯಿತಾ?" ಎಂದು ಗೋಡೆಗೆ ಮುಖ ಮಾಡಿಯೇ ಕೇಳಿದಳು.

"ಇಲ್ಲ," ಎಂದಳು ಶರ್ಮಿಳಾ. "ಇನ್ನೂ ಸ್ವಲ್ಪ ಹೊತ್ತು ಹಾಗೇ ಇರು."